ಶಿಕ್ಷಣದ ಅರ್ಥಶಾಸ್ತ್ರ ಮಾಡುವವರು ಎಲ್ಲಿಂದ ಬಂದವರು? ಮಂಜೇಶ್ವರದ ಟೀಚರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯ ಒಂದು ಅನುದಾನಿತ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಟೀಚರ್. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಮಂಗಳೂರಿನಲ್ಲಿ ಗಣಿತ ಇಟ್ಟುಕೊಂಡು ಬಿ.ಎಸ್ಸಿ., ಬಿ.ಇಡಿ. ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಎಂ.ಎ. ಅರ್ಥಶಾಸ್ತ್ರ ಮುಗಿಸಿದೆ, ಶೇಕಡಾ 58 ಬಂತು. ನಮ್ಮ ಕನ್ನಡ ಡಿವಿಷನ್‌ಗೆ, ಅಂದರೆ ಕನ್ನಡ ಮಾಧ್ಯಮದ ತರಗತಿಗಳಿಗೆ, ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದ್ದಾರೆ. ಯಾಕೆ ಅಂತ ಕೇಳಿದರೆ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಯಾರ ಕೈಯಲ್ಲೂ ಲೆಕ್ಕ ಇಲ್ಲ. ಇದರ ಮೇಲೆ ಸಂಶೋಧನೆ ಮಾಡುವ ಆಸೆ. ಆದರೆ ಒಂದು ಸೆಮಿನಾರಿನಲ್ಲಿ ಮಾತಾಡಿದವರು, 'ಶಿಕ್ಷಣದ ಅರ್ಥಶಾಸ್ತ್ರ ಅಂದರೆ ಐಐಟಿ ಮುಗಿಸಿ ಅಮೆರಿಕದಲ್ಲಿ ಪಿಎಚ್.ಡಿ. ಮಾಡಿದವರ ಕೆಲಸ, ಟೀಚರುಗಳದ್ದಲ್ಲ' ಎಂದರು. ನಿಜವಾ? ಈ ಕ್ಷೇತ್ರದವರು ಮೊದಲು ಏನು ಓದಿದವರು, ಏನು ಕೆಲಸ ಮಾಡಿದವರು? ನನ್ನ 9 ವರ್ಷದ ಪಾಠಕ್ಕೆ ಅಲ್ಲಿ ಬೆಲೆ ಇದೆಯಾ? ಕೆಲಸ ಬಿಡಬೇಕಾ? ಮಾವ ಹೇಳುವುದು, 'ಸುಮ್ನೆ ಎಂ.ಇಡಿ. ಮಾಡು, ಸಾಕು' ಅಂತ.

ಉತ್ತರ: ಸೆಮಿನಾರಿನ ಮಾತು ಅರ್ಧ ನಿಜ. ಇವತ್ತು ದೊಡ್ಡ ಸಂಶೋಧನಾ ಪತ್ರಿಕೆಗಳಲ್ಲಿ ಈ ವಿಷಯದ ಮೇಲೆ ಬರೆಯುವವರಲ್ಲಿ ಹೆಚ್ಚಿನವರು ಅಮೆರಿಕದಲ್ಲೋ ಯುರೋಪಿನಲ್ಲೋ ಅರ್ಥಶಾಸ್ತ್ರದ ಪಿಎಚ್.ಡಿ. ಮಾಡಿದವರೇ. ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ತುಂಬಿ ಪ್ರಯೋಜನ ಇಲ್ಲ. ಆದರೆ ಅದಕ್ಕೆ ಅವರು ಅಂಟಿಸಿದ 'ಟೀಚರುಗಳದ್ದಲ್ಲ' ಎಂಬ ಬಾಲ ಇದೆಯಲ್ಲ, ಅದಕ್ಕೆ ಆಧಾರ ಇಲ್ಲ. ಪಿಎಚ್.ಡಿ. ಸಂದರ್ಶನಗಳಲ್ಲಿ ಮೇಜಿನ ಆಚೆ ಕೂತು ನೋಡಿದ ಮೇಲೆ ಹೇಳುತ್ತಿದ್ದೇನೆ, ಈ ವಿಷಯಕ್ಕೆ ಬರುವವರು ಒಂದೇ ದಾರಿಯಲ್ಲಿ ಬರುವುದಿಲ್ಲ. ಹಿಂದೆಯೂ ಬರುತ್ತಿರಲಿಲ್ಲ.

ಈ ವಿಷಯಕ್ಕೆ ಗಟ್ಟಿ ಅಡಿಪಾಯ ಹಾಕಿದವರಲ್ಲಿ ಒಬ್ಬರು ಥಿಯೋಡರ್ ಷುಲ್ಟ್ಸ್. ಅಮೆರಿಕದ ಸೌತ್ ಡಕೋಟಾದ ರೈತರ ಮನೆಯ ಹುಡುಗ. ಎಂಟನೇ ತರಗತಿ ಆದ ಮೇಲೆ ಹೈಸ್ಕೂಲಿಗೇ ಹೋಗಲಿಲ್ಲ, ಹೊಲದ ಕೆಲಸಕ್ಕೆ ನಿಂತರು. ಆಮೇಲೆ ಚಳಿಗಾಲದಲ್ಲಿ ರೈತರಿಗಾಗಿ ನಡೆಯುತ್ತಿದ್ದ ಒಂದು ಕೃಷಿ ಕೋರ್ಸಿನ ಮೂಲಕ ಕಾಲೇಜಿಗೆ ಸೇರಿಕೊಂಡು, 1930ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪಿಎಚ್.ಡಿ. ಪಡೆದರು. ಅವರು ಕೃಷಿ ಅರ್ಥಶಾಸ್ತ್ರಜ್ಞ. ಬೆಳೆ, ಭೂಮಿ, ರೈತನ ಆದಾಯ, ಇದೇ ಅವರ ಕಸುಬು. ಭೂಮಿ ಮತ್ತು ಯಂತ್ರದ ಲೆಕ್ಕ ಎಷ್ಟು ಹಾಕಿದರೂ ಉತ್ಪಾದನೆ ಹೆಚ್ಚಿದ್ದಕ್ಕೆ ಪೂರ್ತಿ ಕಾರಣ ಸಿಗುತ್ತಿರಲಿಲ್ಲ. ಉಳಿದ ಭಾಗದಲ್ಲಿ ಜನರ ಓದು, ಕೌಶಲ, ಆರೋಗ್ಯ ಇದೆ ಎಂದು ಅವರು 1960ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ವಾದಿಸಿದರು. ಶಾಲೆಗೆ ಹಾಕುವ ಹಣ ಖರ್ಚಲ್ಲ, ಹೂಡಿಕೆ ಎಂಬ ಮಾತು ಇವತ್ತು ಬಜೆಟ್ ಭಾಷಣಗಳಲ್ಲಿ ಸವಕಲಾಗಿದೆ. ಆಗ ಅದು ಕೆಲವರಿಗೆ ಅವಮಾನದಂತೆ ಕೇಳಿಸಿತ್ತು, ಮನುಷ್ಯರನ್ನು ಯಂತ್ರಕ್ಕೆ ಹೋಲಿಸುತ್ತಾರಾ ಅಂತ! 1979ರಲ್ಲಿ ಅವರಿಗೆ ನೊಬೆಲ್ ಬಂತು.

ಇನ್ನೊಬ್ಬರು ಜೇಮ್ಸ್ ಕೋಲ್‌ಮನ್. ಕೆಮಿಕಲ್ ಎಂಜಿನಿಯರಿಂಗ್ ಓದಿ, ಕೊಡಾಕ್ ಕಂಪನಿಯಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ಸಮಾಜಶಾಸ್ತ್ರಕ್ಕೆ ಬಂದವರು. 1966ರಲ್ಲಿ ಅಮೆರಿಕ ಸರ್ಕಾರಕ್ಕೆ ಕೊಟ್ಟ ವರದಿಗಾಗಿ ಅವರ ತಂಡ ಸುಮಾರು 6 ಲಕ್ಷ ಮಕ್ಕಳ ಮಾಹಿತಿ ನೋಡಿತು. ಶಾಲೆಯ ಕಟ್ಟಡ, ಲ್ಯಾಬು, ಖರ್ಚು ಇವುಗಳಿಗಿಂತ ಮನೆಯ ಹಿನ್ನೆಲೆಯೇ ಮಗುವಿನ ಅಂಕವನ್ನು ಹೆಚ್ಚು ಹೇಳುತ್ತದೆ ಎಂಬ ಅದರ ತೀರ್ಮಾನ ದೊಡ್ಡ ಗಲಾಟೆ ಎಬ್ಬಿಸಿತು. ಆ ಗಲಾಟೆಯ ಬಿಸಿಯಲ್ಲೇ ಈ ವಿಷಯಕ್ಕೆ ಬಿದ್ದವರು ಎರಿಕ್ ಹನುಷೆಕ್. ಅವರ ಮೊದಲ ಪದವಿ ವಾಯುಸೇನೆಯ ಅಕಾಡೆಮಿಯಿಂದ. ಶಾಲೆಗೆ ಹಣ ಸುರಿದರೆ ಮಾತ್ರ ಸಾಲದು ಎಂದು ಅವರು ದಶಕಗಳಿಂದ ವಾದಿಸುತ್ತಿದ್ದಾರೆ, ಅವರನ್ನು ಒಪ್ಪದವರೂ ಬೇಕಾದಷ್ಟು ಇದ್ದಾರೆ. 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಕಾಲೇಜಿಗೆ ಸೇರಿದ್ದು ಸೂಕ್ಷ್ಮಜೀವಿ ಶಾಸ್ತ್ರ ಓದಬೇಕೆಂದು.

ಟೀಚರುಗಳು ಎಲ್ಲಿ ಅಂತ ನೀವು ಕೇಳುತ್ತೀರಿ, ಅಲ್ವಾ? ಮೈಕೆಲ್ ಕ್ರೆಮರ್ ಅವರನ್ನು ನೋಡಿ. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ ಜೊತೆ ನೊಬೆಲ್ ಹಂಚಿಕೊಂಡವರು. ಪಿಎಚ್.ಡಿ.ಗೆ ಮೊದಲು ಅವರು ಕೀನ್ಯಾದ ಪಶ್ಚಿಮ ಭಾಗದ ಒಂದು ಶಾಲೆಯಲ್ಲಿ ಪಾಠ ಮಾಡಿದ್ದರು. ನಂತರ ಅದೇ ಕಡೆಗೆ ಹೋಗಿ ಸಹೋದ್ಯೋಗಿಗಳ ಜೊತೆ ಒಂದು ಸರಳ ಪ್ರಶ್ನೆ ಎತ್ತಿಕೊಂಡರು: ಪಠ್ಯಪುಸ್ತಕ ಇಲ್ಲದ ಶಾಲೆಗಳಿಗೆ ಪುಸ್ತಕ ಕೊಟ್ಟರೆ ಮಕ್ಕಳ ಅಂಕ ಏರುತ್ತದಾ? ಏರುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಒಟ್ಟಾರೆ ನೋಡಿದರೆ ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಮಾತ್ರ ಉಪಯೋಗ ಆಯಿತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ. ಅಲ್ಲಿನ ಬಹಳ ಮಕ್ಕಳಿಗೆ ಅದು ಮೂರನೇ ಭಾಷೆ, ತೆರೆದರೂ ಓದಲು ಬರುತ್ತಿರಲಿಲ್ಲ.

ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಟಿಯೋ ಮಾತಾಡಿ, ಅಂಗಡಿಯಲ್ಲಿ ಮಲಯಾಳಂ ಕೇಳಿ, ಶಾಲೆಯಲ್ಲಿ ಕನ್ನಡ ಓದುವ ಮಕ್ಕಳಿಗೆ ಪಾಠ ಮಾಡುವ ನಿಮಗೆ ಈ ಫಲಿತಾಂಶದಲ್ಲಿ ಆಶ್ಚರ್ಯ ಏನಿದೆ? ಆದರೆ ನಿಮಗೆ ಗೊತ್ತಿರುವುದು ಬೇರೆ, ಅದನ್ನು ಲೆಕ್ಕದಲ್ಲಿ ತೋರಿಸಿ ಒಪ್ಪಿಸುವುದು ಬೇರೆ. ನಿಮ್ಮ ಮುಂದಿರುವ ಕೆಲಸ ಈ ಎರಡನೆಯದು.

ನಮ್ಮ ದೇಶದ ಕಡೆ ಬರೋಣ. ಇಲ್ಲಿ ಹಿನ್ನೆಲೆಗಳು ಇನ್ನೂ ವಿಚಿತ್ರ. ಜೆ.ಪಿ. ನಾಯಕ್ ಕೊಲ್ಲಾಪುರ ಜಿಲ್ಲೆಯ ಬಹಿರೇವಾಡಿಯವರು, ಅಂದರೆ ನಮ್ಮ ಹಾಗೇ ಗಡಿ ಕಡೆಯವರು. ಸ್ವಾತಂತ್ರ್ಯಕ್ಕೆ ಮೊದಲು ಧಾರವಾಡ ಹತ್ತಿರದ ಉಪ್ಪಿನ ಬೆಟಗೇರಿಯಲ್ಲಿ ಹಳ್ಳಿ ಕೆಲಸ ಮಾಡಿದವರು. ಅರ್ಥಶಾಸ್ತ್ರದ ಪ್ರೊಫೆಸರ್ ಏನೂ ಆಗಿರಲಿಲ್ಲ. ಆದರೆ 1964ರಿಂದ 66ರವರೆಗೆ ಇಡೀ ದೇಶದ ಶಿಕ್ಷಣವನ್ನು ಪರಿಶೀಲಿಸಿದ ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿ ಅವರೇ. ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟು ಶಿಕ್ಷಣಕ್ಕೆ ಎಂಬ ಗುರಿ, ಇವತ್ತಿಗೂ ಪ್ರತಿ ಬಜೆಟ್ ಮರುದಿನ ಎಲ್ಲರೂ ಎತ್ತುವ ಆ 6, ಆ ವರದಿಯಿಂದ ಬಂದದ್ದು. ವಿ.ಕೆ.ಆರ್.ವಿ. ರಾವ್ ರಾಷ್ಟ್ರೀಯ ಆದಾಯದ ಲೆಕ್ಕದಿಂದ ಹೆಸರಾದವರು, ಆಮೇಲೆ ಕೇಂದ್ರದ ಶಿಕ್ಷಣ ಸಚಿವರಾದರು, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ ಕಟ್ಟಿದರು. ಜಂಧ್ಯಾಲ ತಿಲಕ್, ಧಾರವಾಡದ ಪಿ.ಆರ್. ಪಂಚಮುಖಿ ಇವರೆಲ್ಲ ಹೆಚ್ಚಾಗಿ ಸರ್ಕಾರದ ಹಣಕಾಸಿನ ಕಡೆಯಿಂದ ಶಿಕ್ಷಣವನ್ನು ನೋಡಿದವರು: ಹಣ ಎಲ್ಲಿಂದ ಬರುತ್ತದೆ, ಯಾರಿಗೆ ಹೋಗುತ್ತದೆ, ಉಚಿತ ಅಂದರೂ ಮನೆಯವರ ಜೇಬಿನಿಂದ ಎಷ್ಟು ಹೋಗುತ್ತದೆ.

ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ 'ಪ್ರಥಮ್' ಸಂಸ್ಥೆ ಕಟ್ಟಿದ ಮಾಧವ್ ಚವಾಣ್ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ ಮುಂಬೈಯಲ್ಲಿ ಅದನ್ನೇ ಕಲಿಸುತ್ತಿದ್ದವರು. ಪ್ರಥಮ್ ಸಂಸ್ಥೆಯಿಂದಲೇ 2005ರಲ್ಲಿ 'ಅಸರ್' ಸಮೀಕ್ಷೆ ಶುರುವಾಯಿತು. ಐದನೇ ತರಗತಿ ಮಗು ಎರಡನೇ ತರಗತಿಯ ಪಾಠ ಓದಬಲ್ಲದಾ ಎಂದು ಮನೆ ಮನೆಗೆ ಹೋಗಿ ನೋಡುವುದು. ಇದಕ್ಕೆ ದೊಡ್ಡ ಸಿದ್ಧಾಂತ ಬೇಕಿರಲಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್, ಸರಿಯಾದ ಸ್ಯಾಂಪಲ್. ಆದರೆ ಅದರ ಅಂಕಿ ಬಂದ ಮೇಲೆ ದಾಖಲಾತಿ ಲೆಕ್ಕ ಒಂದನ್ನೇ ಹಿಡಿದು ಹೆಮ್ಮೆಪಡುವುದು ಯಾರಿಗೂ ಕಷ್ಟವಾಯಿತು.

ಇಷ್ಟು ಹೆಸರು ಹೇಳಿದ್ದು ಒಂದು ಕಾರಣಕ್ಕೆ. ಇವರ ಮೊದಲ ಕೆಲಸ ಇವರ ಪ್ರಶ್ನೆಯನ್ನು ತೀರ್ಮಾನಿಸಿತು. ರೈತನ ಮಗ ಉತ್ಪಾದನೆ ಕೇಳಿದರು. ಹಣಕಾಸಿನವರು ಬಜೆಟ್ ಕೇಳಿದರು. ಕ್ಲಾಸಿನಲ್ಲಿ ನಿಂತವರು ಪುಸ್ತಕ ಓದಲು ಬರುತ್ತದಾ ಎಂದು ಕೇಳಿದರು. ಪ್ರಶ್ನೆಯ ಜೊತೆಗೆ ಕುರುಡು ಜಾಗವೂ ಬರುತ್ತದೆ. ಬರೀ ಬಜೆಟ್ ನೋಡುವವರಿಗೆ ಕ್ಲಾಸಿನ ಒಳಗೆ ಏನಾಗುತ್ತದೆ ಎಂದು ಕಾಣುವುದಿಲ್ಲ. ಟೀಚರಾಗಿದ್ದವರಿಗೆ ತಮ್ಮ ಶಾಲೆಯೇ ಇಡೀ ಜಿಲ್ಲೆ ಎಂದು ಕಾಣುತ್ತದೆ.

ಈಗ ನಿಮ್ಮ 9 ವರ್ಷದ ಬೆಲೆ. ಪ್ರವೇಶದ ಅರ್ಜಿಯಲ್ಲಿ ಅದಕ್ಕೆ ಹೆಚ್ಚೇನೂ ಅಂಕ ಇಲ್ಲ, ಅದನ್ನು ಮೊದಲೇ ತಿಳಿದಿರಿ. ಅದರ ಬೆಲೆ ಬೇರೆ ಕಡೆ ಇದೆ. ಒಂದು ಉದಾಹರಣೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಇದು ನಿಮ್ಮ ಸ್ಟಾಫ್ ರೂಮಿನದ್ದೇ ವಿಷಯ.

ಜೋಷುವಾ ಆಂಗ್ರಿಸ್ಟ್ ಎಂಬ ಅರ್ಥಶಾಸ್ತ್ರಜ್ಞ, 2021ರಲ್ಲಿ ನೊಬೆಲ್ ಹಂಚಿಕೊಂಡವರು, ಓದಿನ ನಡುವೆ ಇಸ್ರೇಲ್ ಸೇನೆಯಲ್ಲಿ ಪ್ಯಾರಾಟ್ರೂಪರ್ ಆಗಿದ್ದವರು. ಅವರೂ ವಿಕ್ಟರ್ ಲಾವಿಯೂ 1999ರಲ್ಲಿ ಒಂದು ಪ್ರಬಂಧ ಬರೆದರು. ಸಣ್ಣ ಕ್ಲಾಸಿನಲ್ಲಿ ಮಕ್ಕಳು ಚೆನ್ನಾಗಿ ಕಲಿಯುತ್ತಾರಾ ಎಂಬುದು ಪ್ರಶ್ನೆ. ಸುಮ್ಮನೆ ಸಣ್ಣ ಕ್ಲಾಸು, ದೊಡ್ಡ ಕ್ಲಾಸು ಹೋಲಿಸಿದರೆ ಮೋಸ ಹೋಗುತ್ತೇವೆ. ಒಳ್ಳೆಯ ಹೆಸರಿನ ಶಾಲೆಯಲ್ಲಿ ಕ್ಲಾಸು ತುಂಬಿರುತ್ತದೆ, ಬಡ ಊರಿನ ಶಾಲೆಯಲ್ಲಿ ಖಾಲಿ ಇರುತ್ತದೆ. ಅಂಕದ ವ್ಯತ್ಯಾಸ ಕ್ಲಾಸಿನ ಗಾತ್ರದ್ದಾ, ಮನೆಯದ್ದಾ ಗೊತ್ತಾಗುವುದಿಲ್ಲ. ಅವರು ಒಂದು ಉಪಾಯ ಕಂಡುಕೊಂಡರು. ಇಸ್ರೇಲಿನಲ್ಲಿ ಒಂದು ಕ್ಲಾಸಿಗೆ 40 ಮಕ್ಕಳ ಮಿತಿ ಇದೆ, 12ನೇ ಶತಮಾನದ ಮೈಮೊನಿಡೀಸ್ ಎಂಬ ಯಹೂದಿ ಪಂಡಿತರ ನಿಯಮದ ನೆರಳು ಅದು. 40 ಮಕ್ಕಳಿದ್ದರೆ ಒಂದೇ ಕ್ಲಾಸು. 41 ಆದರೆ ಎರಡು, ತಲಾ 20-21. ಒಂದು ಮಗು ಹೆಚ್ಚು ಸೇರಿದ್ದು ಬರೀ ಅದೃಷ್ಟ, ಅದಕ್ಕೂ ಮನೆಯ ಹಿನ್ನೆಲೆಗೂ ಸಂಬಂಧ ಇಲ್ಲ. ಹಾಗಾಗಿ 40ರ ಈಚೆ ಆಚೆ ಇರುವ ಶಾಲೆಗಳನ್ನು ಹೋಲಿಸಿದರೆ ನ್ಯಾಯ ಎಂದರು. ನಾಲ್ಕು, ಐದನೇ ತರಗತಿಗಳಲ್ಲಿ ಸಣ್ಣ ಕ್ಲಾಸಿಗೆ ಲಾಭ ಇದೆ ಎಂದು ಲೆಕ್ಕ ಹೇಳಿತು. ಈ ಪ್ರಬಂಧ ಎಲ್ಲ ಕಡೆ ಪಾಠವಾಯಿತು.

ಈಗ ನೀವು ನಗುತ್ತಿರಬಹುದು. ನಿಮಗೆ ಜೂನ್ ತಿಂಗಳ ಆರನೇ ಕೆಲಸದ ದಿನ ಗೊತ್ತು. ಕೇರಳದಲ್ಲಿ ಸ್ಟಾಫ್ ಫಿಕ್ಸೇಷನ್‌ಗೆ, ಅಂದರೆ ಶಾಲೆಗೆ ಎಷ್ಟು ಟೀಚರ್ ಹುದ್ದೆ ಎಂಬ ತೀರ್ಮಾನಕ್ಕೆ, ಆ ದಿನದ ತಲೆ ಎಣಿಕೆಯೇ ಆಧಾರ. ಎಲ್.ಪಿ.ಯಲ್ಲಿ (ಕಿರಿಯ ಪ್ರಾಥಮಿಕ) 30ಕ್ಕೆ ಒಬ್ಬರು, ಯು.ಪಿ.ಯಲ್ಲಿ 35ಕ್ಕೆ ಒಬ್ಬರು ಎಂಬ ಅನುಪಾತ. ಒಂದು ಮಗು ಕಡಿಮೆ ಆದರೆ ಒಂದು ಡಿವಿಷನ್, ಒಂದು ಹುದ್ದೆ ಹೋಯಿತು. ಆ ಒಂದು ಮಗುವಿಗಾಗಿ ಎಚ್.ಎಂ., ಶಾಲೆ ನಡೆಸುವ ಮ್ಯಾನೇಜರ್, ಟೀಚರುಗಳು ಏಪ್ರಿಲ್-ಮೇ ಬಿಸಿಲಲ್ಲಿ ಮನೆ ಮನೆ ಸುತ್ತುವುದು, ಬ್ಯಾಗು ಕೊಡೆ ಕೊಡುತ್ತೇವೆ ಎನ್ನುವುದು, ವ್ಯಾನಿನ ಬಾಡಿಗೆ ಸ್ಟಾಫೇ ಹಂಚಿಕೊಳ್ಳುವುದು, ಕೆಲವು ಕಡೆ ಹಾಜರಿಯಲ್ಲಿ ಇದ್ದು ಬೆಂಚಿನಲ್ಲಿ ಇಲ್ಲದ ಮಕ್ಕಳು, ಇದೆಲ್ಲ ಯಾರಿಗೆ ಗೊತ್ತಿಲ್ಲ? ಈಗ ಯುಐಡಿ (ಆಧಾರ್) ಇರುವ ಮಕ್ಕಳನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದೇ ಹಿಂದೆ ಏನಾಗುತ್ತಿತ್ತು ಎಂಬುದಕ್ಕೆ ಸಾಕ್ಷಿ. ಅಂದರೆ ಗೆರೆಯ ಆಚೆ ಇರುವ ಶಾಲೆಗೂ ಈಚೆ ಇರುವ ಶಾಲೆಗೂ ವ್ಯತ್ಯಾಸ ಅದೃಷ್ಟದ್ದಲ್ಲ, ಓಡಾಡಿದ ಸ್ಟಾಫಿನದ್ದು. ಓಡಾಡುವ ಸ್ಟಾಫು ಇರುವ ಶಾಲೆಯಲ್ಲಿ ಪಾಠವೂ ಚೆನ್ನಾಗಿರಬಹುದು. ಆಗ ಹೋಲಿಕೆ ಕೆಡುತ್ತದೆ.

ಸಂಶೋಧಕರಿಗೂ ಇದು ಆಮೇಲೆ ಕಂಡಿತು. ಚಿಲಿ ದೇಶದಲ್ಲಿ 45ರ ಮಿತಿ ಇದ್ದಾಗ ಖಾಸಗಿ ಶಾಲೆಗಳು ಸರಿಯಾಗಿ ಆ ಗೆರೆಯ ಬಳಿಯೇ ದಾಖಲಾತಿ ನಿಲ್ಲಿಸುತ್ತಿದ್ದವು ಎಂದು 2009ರ ಒಂದು ಪ್ರಬಂಧ ತೋರಿಸಿತು. 2019ರಲ್ಲಿ ಆಂಗ್ರಿಸ್ಟ್, ಲಾವಿ ಅವರೇ ಹೊಸ, ದೊಡ್ಡ ಮಾಹಿತಿ ಇಟ್ಟುಕೊಂಡು ಮತ್ತೆ ಲೆಕ್ಕ ಮಾಡಿದರು. ದಾಖಲಾತಿಯಲ್ಲಿ ಕೈಚಳಕ ನಡೆದ ಗುರುತು ಇತ್ತು, ಸಣ್ಣ ಕ್ಲಾಸಿನ ಲಾಭ ಕಾಣಲಿಲ್ಲ. ಮೊದಲ ಪ್ರಬಂಧಕ್ಕೂ ಇದಕ್ಕೂ ನಡುವೆ 20 ವರ್ಷ. ಕಾಸರಗೋಡಿನ ಯಾವ ಅನುದಾನಿತ ಶಾಲೆಯ ಟೀಚರನ್ನು ಕೇಳಿದ್ದರೂ ಈ ಅನುಮಾನವನ್ನು ಚಹಾ ಕುಡಿಯುವ ಹೊತ್ತಿನಲ್ಲಿ ಹೇಳುತ್ತಿದ್ದರು. ಆದರೆ ಅನುಮಾನವನ್ನು ಪರೀಕ್ಷೆಗೆ ಒಡ್ಡುವುದು ಹೇಗೆ ಎಂದು ಅವರಿಗೆ ಗೊತ್ತಿರುತ್ತಿರಲಿಲ್ಲ. ನಿಮ್ಮ ಅನುಭವದ ಬೆಲೆ ಇಷ್ಟು ಎಂದು ನಾನು ಹೇಳುವುದಾದರೆ, ಇಷ್ಟು.

ಇದೇ ರೀತಿ ನಿಮ್ಮ ಪ್ರಶ್ನೆಯನ್ನೂ ಸ್ವಲ್ಪ ಬಿಚ್ಚಿ ನೋಡೋಣ. ಕನ್ನಡ ಡಿವಿಷನ್‌ಗೆ ಮಕ್ಕಳು ಯಾಕೆ ಕಡಿಮೆ? ಒಬ್ಬರು ಇಂಗ್ಲಿಷ್ ಮಾಧ್ಯಮದ ಮೋಹ ಎನ್ನುತ್ತಾರೆ, ಇನ್ನೊಬ್ಬರು ಗಲ್ಫ್ ಹಣ, ಮತ್ತೊಬ್ಬರು ಸರ್ಕಾರಿ ನೌಕರಿಯ ಪಿಎಸ್‌ಸಿ ಪರೀಕ್ಷೆಗೆ ಮಲಯಾಳಂ ಬೇಕು ಎಂಬ ಹೆದರಿಕೆ, ಕನ್ನಡ ಬಾರದವರನ್ನು ಕನ್ನಡ ಡಿವಿಷನ್‌ಗೆ ನೇಮಿಸಿದ್ದು, 2017ರ ಮಲಯಾಳಂ ಕಡ್ಡಾಯ ಕಾನೂನು, ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ಬಸ್ಸು. ಎಲ್ಲವೂ ಸ್ವಲ್ಪ ಸ್ವಲ್ಪ ನಿಜ ಇರಬಹುದು. ಆದರೆ ಮೊದಲು ನೋಡಬೇಕಾದ್ದನ್ನು ಯಾರೂ ನೋಡುವುದಿಲ್ಲ: ಮಕ್ಕಳು ಹುಟ್ಟಿದ್ದೇ ಎಷ್ಟು? ಕೇರಳದಲ್ಲಿ ಜನನ ಪ್ರಮಾಣ 1980ರ ದಶಕದ ಕೊನೆಯಲ್ಲೇ ಬದಲಿ ಮಟ್ಟಕ್ಕೆ, ಅಂದರೆ ಒಬ್ಬ ತಾಯಿಗೆ ಸುಮಾರು ಎರಡು ಮಕ್ಕಳಿಗೆ, ಇಳಿದಿತ್ತು. ಪಂಚಾಯತಿನಲ್ಲಿ ಆರು ವರ್ಷ ಹಿಂದೆ ನೋಂದಣಿಯಾದ ಜನನ ಮತ್ತು ಈ ವರ್ಷ ಒಂದನೇ ತರಗತಿಗೆ ಸೇರಿದವರು, ಈ ಎರಡನ್ನು ಪಕ್ಕಪಕ್ಕ ಇಡಿ. ಮಕ್ಕಳೇ ಇಲ್ಲದಿರುವುದೆಷ್ಟು, ಇದ್ದೂ ಬೇರೆ ಕಡೆ ಹೋದದ್ದೆಷ್ಟು ಎಂದು ಒರಟಾಗಿ ಗೊತ್ತಾಗುತ್ತದೆ. ಆಮೇಲೆ ಒಂದೇ ಶಾಲೆಯಲ್ಲಿ ಕನ್ನಡ, ಮಲಯಾಳಂ ಎರಡೂ ಡಿವಿಷನ್ ಇರುವಲ್ಲಿ ಎರಡೂ ಒಂದೇ ವೇಗದಲ್ಲಿ ಇಳಿಯುತ್ತಿವೆಯಾ ನೋಡಿ. ಒಂದೇ ಊರು, ಒಂದೇ ಮ್ಯಾನೇಜರ್, ಒಂದೇ ರಸ್ತೆ. ಎರಡೂ ಸಮವಾಗಿ ಇಳಿದರೆ ಭಾಷೆಯನ್ನು ದೂರುವುದು ಕಷ್ಟ. ಕನ್ನಡದ್ದು ಮಾತ್ರ ಇಳಿದರೆ, ಅದು ಯಾವ ವರ್ಷದಿಂದ ಎಂಬುದು ದೊಡ್ಡ ಸುಳಿವು.

ಇಲ್ಲಿ ಒಂದು ಎಚ್ಚರಿಕೆ. ಬೇಸರ ಮಾಡಿಕೊಳ್ಳಬೇಡಿ. ಈ ಉತ್ತರದ ಮೇಲೆ ನಿಮ್ಮ ಹುದ್ದೆಯೇ ನಿಂತಿದೆ. ಕನ್ನಡ ಡಿವಿಷನ್ ಉಳಿಯಬೇಕು ಎಂಬ ಆಸೆ ನಿಮಗೂ ಇದೆ, ನನಗೂ ಇದೆ. ಆದರೆ ಸಂದರ್ಶನದಲ್ಲಿ ಉತ್ತರ ಮೊದಲೇ ಕೈಯಲ್ಲಿ ಹಿಡಿದು ಬಂದವರು ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ. 'ಲೆಕ್ಕ ನಿಮ್ಮ ನಂಬಿಕೆಗೆ ವಿರುದ್ಧ ಬಂದರೆ ಏನು ಮಾಡುತ್ತೀರಿ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಣ್ಣ ಶಾಲೆಗಳನ್ನು ಒಟ್ಟು ಸೇರಿಸಿದರೆ ಕೆಲವು ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂದು ನಿಮ್ಮ ಅಂಕಿಯೇ ಹೇಳಿದರೆ ಬರೆಯುವ ಧೈರ್ಯ ಇದೆಯಾ ಎಂದು ಈಗಲೇ ಕೇಳಿಕೊಳ್ಳಿ. ನಿಮ್ಮ ಸ್ವಂತ ಶಾಲೆಯನ್ನು ಸ್ಯಾಂಪಲಿನಿಂದ ಹೊರಗೆ ಇಡುವುದು ಒಂದು ದಾರಿ, ಮತ್ತು ನೀವು ಟೀಚರ್ ಎಂಬುದನ್ನು ಮೊದಲ ಪುಟದಲ್ಲೇ ಹೇಳುವುದು.

ಇನ್ನು ದಾರಿಗಳು. ಮೊದಲು ನಿಯಮ, ಚಿಕ್ಕದಾಗಿ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಎಂ.ಎ.ಯಲ್ಲಿ ಶೇಕಡಾ 55 ಸಾಕು, ನಿಮಗಿದೆ. ನಿಮ್ಮ ದೂರಶಿಕ್ಷಣದ ಪದವಿಗೆ ಯುಜಿಸಿ ಮಾನ್ಯತೆ ಇತ್ತಾ ಎಂದು ಒಮ್ಮೆ ಕಾಗದ ತೆಗೆದು ನೋಡಿ, ಅಷ್ಟೆ. ಅವಧಿ ಕಡಿಮೆ ಅಂದರೆ 3 ವರ್ಷ, ಸಾಮಾನ್ಯವಾಗಿ 6 ವರ್ಷದೊಳಗೆ. 2024ರಿಂದ ನೆಟ್ (ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವನ್ನೇ ಪಿಎಚ್.ಡಿ. ಪ್ರವೇಶಕ್ಕೆ ಬಳಸಬಹುದು. ಎಂ.ಫಿಲ್. ಈಗ ಇಲ್ಲ, ಯಾರಾದರೂ ಅದನ್ನು ಮಾಡು ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ನಿಮಗೆ ಅವಸರ ಇರುವುದು ಜೆಆರ್‌ಎಫ್, ಅಂದರೆ ನೆಟ್‌ನಲ್ಲಿ ಹೆಚ್ಚು ಅಂಕ ಪಡೆದವರಿಗೆ ಸಿಗುವ ಸಂಶೋಧನಾ ವೇತನದ ವಿಷಯದಲ್ಲಿ. ಅದಕ್ಕೆ ವಯಸ್ಸಿನ ಮಿತಿ 30, ಮಹಿಳೆಯರಿಗೆ 5 ವರ್ಷ ರಿಯಾಯಿತಿ, ಅಂದರೆ ನಿಮಗೆ 35. ಈಗ ನಿಮಗೆ 34. ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸುತ್ತು. ಹಾಗಾಗಿ ಕೈಯಲ್ಲಿರುವುದು ಒಂದೆರಡು ಅವಕಾಶ ಮಾತ್ರ. ಸಿಕ್ಕಿದರೆ ಮೊದಲ 2 ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಇದು 2023ರ ಜನವರಿಯಿಂದ ಇರುವ ದರ. ಜೆಆರ್‌ಎಫ್ ಇಲ್ಲದೆ ಕೇಂದ್ರ ವಿಶ್ವವಿದ್ಯಾಲಯಕ್ಕೆ ಸೇರಿದರೆ ಸಿಗುವುದು 8,000. ಮನೆ ಸಾಲ, ಮಕ್ಕಳ ಫೀಸು ಇರುವವರಿಗೆ ಈ ಎರಡರ ನಡುವಿನ ಅಂತರವೇ ತೀರ್ಮಾನ ಮಾಡಿಬಿಡುತ್ತದೆ. ಜೆಆರ್‌ಎಫ್ ವಯಸ್ಸು ದಾಟಿದರೂ ನೆಟ್‌ಗೆ ವಯಸ್ಸಿಲ್ಲ, ಪಿಎಚ್.ಡಿ.ಗೂ ಇಲ್ಲ.

ಪೂರ್ಣಾವಧಿ ಬೇಕಾದರೆ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ನಿಮ್ಮ ಜಿಲ್ಲೆಯಲ್ಲೇ ಇದೆ, ಅಲ್ಲಿ ಅರ್ಥಶಾಸ್ತ್ರವೂ ಶಿಕ್ಷಣ ವಿಭಾಗವೂ ಇದೆ. ಗಡಿಯ ಈಚೆಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ. ದೂರ ಹೋಗಬಹುದಾದರೆ ತಿರುವನಂತಪುರದ ಸಿಡಿಎಸ್ (ಅಭಿವೃದ್ಧಿ ಅಧ್ಯಯನ ಕೇಂದ್ರ), ಬೆಂಗಳೂರಿನ ಐಸೆಕ್, ದೆಹಲಿಯಲ್ಲಿ ನೀಪಾ (ಶೈಕ್ಷಣಿಕ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆ) ಮತ್ತು ಜೆಎನ್‌ಯುನ ಜಾಕಿರ್ ಹುಸೇನ್ ಕೇಂದ್ರ. ಕೊನೆಯ ಎರಡು ಕಡೆ ಶಿಕ್ಷಣವನ್ನೇ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಚರಿತ್ರೆಯವರೆಲ್ಲ ಸೇರಿ ನೋಡುತ್ತಾರೆ, ನಿಮ್ಮಂತಹ ಬೆರಕೆ ಹಿನ್ನೆಲೆಯವರಿಗೆ ಅಲ್ಲಿ ಉಸಿರಾಡಲು ಜಾಗ ಜಾಸ್ತಿ. ಆದರೆ ಸಂಸ್ಥೆಯ ಹೆಸರಿಗಿಂತ ಗೈಡ್ ಯಾರು ಎಂಬುದು ಮುಖ್ಯ. ಅರ್ಜಿ ಹಾಕುವ ಮೊದಲು ಅವರ ಇತ್ತೀಚಿನ ಎರಡು ಪ್ರಬಂಧ ಓದಿ. ಒಂದರಲ್ಲೂ ಶಾಲೆ ಇಲ್ಲ, ಬರೀ ಬ್ಯಾಂಕಿಂಗ್ ಇದ್ದರೆ ಬೇರೆಯವರನ್ನು ನೋಡಿ. ಗೈಡ್ ಸಿಕ್ಕಿದರು ಎಂಬ ಖುಷಿಯಲ್ಲಿ ವಿಷಯವನ್ನೇ ಬಿಟ್ಟುಕೊಟ್ಟು ಐದು ವರ್ಷ ಬೇರೆಯವರ ಪ್ರಶ್ನೆ ಹೊತ್ತವರನ್ನು ತುಂಬ ನೋಡಿದ್ದೇನೆ.

ಕೆಲಸ ಬಿಡಬೇಡಿ. ಕನಿಷ್ಠ ಈಗ ಬೇಡ. ಕೇರಳ ಸೇವಾ ನಿಯಮದಲ್ಲಿ ಓದಿಗಾಗಿ ಸಂಬಳವಿಲ್ಲದ ರಜೆಗೆ ದಾರಿ ಇದೆ, ಅಪೆಂಡಿಕ್ಸ್ 12-ಬಿ. ಅದನ್ನು ಎ.ಇ.ಒ. (ಉಪಜಿಲ್ಲಾ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಬರವಣಿಗೆಯಲ್ಲೇ ಕೇಳಿ: ಇನ್‌ಕ್ರಿಮೆಂಟಿಗೆ ಏನಾಗುತ್ತದೆ, ಪೆನ್ಷನ್ ಲೆಕ್ಕಕ್ಕೆ ಏನಾಗುತ್ತದೆ, ಮುಖ್ಯವಾಗಿ, ನಾನು ರಜೆಯಲ್ಲಿದ್ದಾಗ ಡಿವಿಷನ್ ಬಿದ್ದರೆ ನನ್ನ ಹುದ್ದೆಯ ಗತಿ ಏನು. ಕಡಿಮೆಯಾಗುತ್ತಿರುವ ಡಿವಿಷನ್ ನಿಮ್ಮದು, ಸೀನಿಯಾರಿಟಿ ಪಟ್ಟಿಯಲ್ಲಿ ನೀವು ಎಲ್ಲಿದ್ದೀರಿ ಎಂಬುದು ಈ ಲೆಕ್ಕದಲ್ಲಿ ಬಹಳ ಮುಖ್ಯ. ಅನುದಾನಿತ ಶಾಲೆಯಾದ್ದರಿಂದ ಮ್ಯಾನೇಜರ ಒಪ್ಪಿಗೆಯೂ ಬೇಕು, ಬಾಯಿಮಾತಿನ ಒಪ್ಪಿಗೆ ಸಾಲದು. ಪಾರ್ಟ್‌ಟೈಮ್ ಪಿಎಚ್.ಡಿ.ಗೂ 2022ರ ನಿಯಮದಲ್ಲಿ ಅವಕಾಶ ಇದೆ, ಉದ್ಯೋಗದಾತರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಸುರಕ್ಷಿತ ದಾರಿ, ಆದರೆ ನಿಧಾನ. ಶನಿವಾರ ಭಾನುವಾರ ಪ್ರಬಂಧ ಬರೆಯುತ್ತೇನೆ ಎಂದು ಸೇರಿದವರ ಶನಿವಾರ ಶಾಲಾ ಕಲೋತ್ಸವಕ್ಕೆ, ಭಾನುವಾರ ಮತದಾರರ ಪಟ್ಟಿಯ ಡ್ಯೂಟಿಗೆ ಹೋಗುತ್ತದೆ.

ಈಗ ಸಿಹಿ ಇಲ್ಲದ ಮಾತು: ಗಣಿತ ಮತ್ತು ಇಂಗ್ಲಿಷ್. ಮೇಲೆ ಹೇಳಿದವರ ಹಿನ್ನೆಲೆ ಎಷ್ಟೇ ಬೇರೆ ಇರಲಿ, ಲೆಕ್ಕ ಹೇಗೆ ಮೋಸ ಮಾಡುತ್ತದೆ ಎಂಬ ತಿಳಿವಳಿಕೆ ಎಲ್ಲರಿಗೂ ಬೇಕಾಗಿತ್ತು. ಇದರಲ್ಲಿ ವಿನಾಯಿತಿ ಇಲ್ಲ. ದೂರಶಿಕ್ಷಣದ ಎಂ.ಎ.ಯಲ್ಲಿ ಇಕನಾಮೆಟ್ರಿಕ್ಸನ್ನು (ಅರ್ಥಶಾಸ್ತ್ರದ ಪ್ರಶ್ನೆಗೆ ಅಂಕಿಅಂಶದ ಲೆಕ್ಕ ಹಾಕುವ ವಿಷಯ) ಗೈಡ್ ಪುಸ್ತಕ ಓದಿ ಪಾಸಾದವರೇ ಜಾಸ್ತಿ. ನೀವು ಹಾಗೆ ಮಾಡಿದ್ದರೆ ಮತ್ತೆ ಶುರು ಮಾಡಿ. ನಿಮ್ಮ ಬಿ.ಎಸ್ಸಿ. ಗಣಿತ ಇಲ್ಲಿ ಬಿ.ಇಡಿ.ಗಿಂತ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಎಂಐಟಿಯವರ ಅಭಿವೃದ್ಧಿ ಅರ್ಥಶಾಸ್ತ್ರದ ಆನ್‌ಲೈನ್ ಪಾಠಗಳನ್ನು, ಸಮಾಜ ವಿಜ್ಞಾನದವರಿಗೆ ಡೇಟಾ ವಿಶ್ಲೇಷಣೆ ಕಲಿಸುವ ಕೋರ್ಸನ್ನು ಸರ್ಟಿಫಿಕೇಟ್ ಬೇಡ ಅಂದರೆ ಹಣ ಕೊಡದೆ ನೋಡಬಹುದು. ಅಂಕಿಅಂಶದ ಲೆಕ್ಕ ಹಾಕುವ 'ಆರ್' ಎಂಬ ಸಾಫ್ಟ್‌ವೇರ್ ಉಚಿತ. ಕೇಂದ್ರ ಸರ್ಕಾರದ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 75ನೇ ಸುತ್ತಿನಲ್ಲಿ, ಅಂದರೆ 2017-18ರಲ್ಲಿ, ಮನೆಗಳು ಶಿಕ್ಷಣಕ್ಕೆ ಮಾಡಿದ ಖರ್ಚಿನ ಮೂಲ ಮಾಹಿತಿ ಪೂರ್ತಿ ಇದೆ, ಅದನ್ನು ಇಳಿಸಿಕೊಂಡು ಕೇರಳದ ಮನೆಗಳು ಎಷ್ಟು ಖರ್ಚು ಮಾಡುತ್ತವೆ, ಕರ್ನಾಟಕದ ಮನೆಗಳು ಎಷ್ಟು ಎಂದು ಒಂದು ಪಟ್ಟಿ ಮಾಡಿ ನೋಡಿ. ಎರಡು ವಾರ ಬೇಕಾಗಬಹುದು. ಆ ಕೆಲಸ ಬೇಸರ ತಂದರೆ ಪಿಎಚ್.ಡಿ. ಇನ್ನೂ ಬೇಸರ ತರುತ್ತದೆ, ಈಗಲೇ ತಿಳಿದರೆ ಒಳ್ಳೆಯದಲ್ವಾ?

ಇಂಗ್ಲಿಷಿನ ಬಗ್ಗೆ: ಅರ್ಥಶಾಸ್ತ್ರದ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಪ್ರಬಂಧ ಓದುವುದು, ಬರೆಯುವುದು ಎಲ್ಲ ಇಂಗ್ಲಿಷಿನಲ್ಲಿ. ಇದು ಅನ್ಯಾಯ ಎಂದು ನನಗೂ ಅನಿಸುತ್ತದೆ, ಆದರೆ ನೀವು ಅರ್ಜಿ ಹಾಕುವಷ್ಟರಲ್ಲಿ ಅದು ಬದಲಾಗುವುದಿಲ್ಲ. ಸಮಾಧಾನ ಏನೆಂದರೆ ಇಲ್ಲಿ ಬೇಕಾಗುವುದು ಒಣ, ನೇರ ಇಂಗ್ಲಿಷ್. ತಿಂಗಳಿಗೆ ಎರಡು ಪ್ರಬಂಧ ಓದಿ, ಪ್ರತಿಯೊಂದರ ಸಾರವನ್ನು ಹತ್ತು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಬರೆದು ಯಾರಿಗಾದರೂ ತೋರಿಸಿ. ಇನ್ನೊಂದು ಕಡೆ, ಮಲಯಾಳಂ ಓದಲು ಬರುತ್ತದಾ? ನಿಮ್ಮ ಪತ್ರದಲ್ಲಿ ಹೇಳಿಲ್ಲ. ಸರ್ಕಾರಿ ಆದೇಶಗಳು, ಪಂಚಾಯತಿನ ಕಡತಗಳು ಅದರಲ್ಲಿ ಇರುತ್ತವೆ. ಕನ್ನಡ, ತುಳು, ಮಲಯಾಳಂ ಮೂರೂ ಬರುವ ಸಂಶೋಧಕಿ ಬೇಕು ಎಂದು ಹುಡುಕಿದರೆ ಈ ದೇಶದಲ್ಲಿ ಎಷ್ಟು ಜನ ಸಿಕ್ಕಾರು? ದೆಹಲಿಯಿಂದ ಬಂದವರು ದುಭಾಷಿ ಇಟ್ಟುಕೊಂಡು ಮಾಡುವ ಸಂದರ್ಶನವನ್ನು ನೀವು ಜಗಲಿಯಲ್ಲಿ ಕೂತು ಮಾಡಬಹುದು.

ಕೊನೆಗೆ ಮಾವನ ಎಂ.ಇಡಿ. ಅವರ ಮಾತನ್ನು ತಳ್ಳಿಹಾಕಬೇಡಿ. ನಿಮ್ಮ ಗುರಿ ಬಿ.ಇಡಿ. ಕಾಲೇಜಿನಲ್ಲಿ ಕಲಿಸುವುದಾದರೆ ಎಂ.ಇಡಿ. ಸಾಮಾನ್ಯವಾಗಿ ಬೇಕಾಗುತ್ತದೆ. ಶಿಕ್ಷಣ ವಿಭಾಗದಲ್ಲಿ ಪಿಎಚ್.ಡಿ. ಮಾಡುವುದಾದರೂ ಹಲವು ಕಡೆ ಅದನ್ನೇ ಕೇಳುತ್ತಾರೆ. ಆದರೆ ನೀವು ಬರೆದ ಪ್ರಶ್ನೆಗೆ ಎಂ.ಇಡಿ.ಯಲ್ಲಿ ಉತ್ತರ ಹುಡುಕುವ ಸಾಧನ ಸಿಗುವುದಿಲ್ಲ. ಅಲ್ಲಿನ ಅಂಕಿಅಂಶ ಬೇರೆ ರೀತಿಯದು, ಪ್ರಶ್ನಾವಳಿ ಹಂಚಿ ಸರಾಸರಿ ತೆಗೆಯುವುದರಲ್ಲೇ ಹೆಚ್ಚಾಗಿ ಮುಗಿಯುತ್ತದೆ. ಎರಡು ವರ್ಷ ಅದಕ್ಕೆ ಕೊಟ್ಟರೆ ಜೆಆರ್‌ಎಫ್ ವಯಸ್ಸೂ ದಾಟುತ್ತದೆ. ಹಾಗಾಗಿ ನಾನು ನಿಮ್ಮ ಜಾಗದಲ್ಲಿ ಇದ್ದಿದ್ದರೆ ಮೊದಲು ಅರ್ಥಶಾಸ್ತ್ರದ ನೆಟ್ ಕಟ್ಟುತ್ತಿದ್ದೆ, ಜೆಆರ್‌ಎಫ್ ಸಿಕ್ಕರೆ ರಜೆಯ ಅರ್ಜಿ, ಸಿಗದಿದ್ದರೆ ಪಾರ್ಟ್‌ಟೈಮ್. ಎಂ.ಇಡಿ. ಆಮೇಲೂ ಮಾಡಬಹುದು, ಅದಕ್ಕೆ ವಯಸ್ಸಿನ ತೊಂದರೆ ಇಲ್ಲ. ಮಾವನಿಗೆ 37,000ದ ಲೆಕ್ಕ ತೋರಿಸಿ ನೋಡಿ.